ಡಬ್ಬಿಯೊಳಗಿನ ಚೀಟಿಗಳು: ಶಿವಮೊಗ್ಗ ಜಿಲ್ಲೆಯ ಕ್ರೈಸ್ತ ಸಭೆಗಳಿಗೊಂದು ಬಹಿರಂಗ ಪತ್ರ

ಜಿಲ್ಲೆಯ ಧರ್ಮಗುರುಗಳಿಗೆ, ಸಭಾಪಾಲಕರಿಗೆ, ಸಭಾ ಹಿರಿಯರಿಗೆ ಮತ್ತು ಪ್ರಾರ್ಥನಾ ಕೂಟಗಳನ್ನು ನಡೆಸುವ ಎಲ್ಲರಿಗೆ,

ಸಾಗರದಿಂದ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬಳ ವಂದನೆಗಳು. ನೆರೆಯವರ ಹೆಸರು ಹಿಡಿದು ಅವರ ವಿರುದ್ಧ ಪ್ರಾರ್ಥಿಸುವುದನ್ನು ನಾವು ನಿಲ್ಲಿಸಬೇಕು ಎಂಬ ಈ ಮಾತನ್ನು ಸಭೆಯೊಳಗೇ ಹೇಳಿ ಮುಗಿಸಬಹುದಿತ್ತಲ್ಲ, ನಾಲ್ಕು ಜನರ ಮುಂದೆ ಬಿಚ್ಚಿಡುವ ಅಗತ್ಯವೇನಿತ್ತು ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಒಳಗೆ ಎರಡು ಬಾರಿ ಹೇಳಿದ್ದೇನೆ. ಮೊದಲ ಬಾರಿ 'ಇದಕ್ಕಾಗಿ ಪ್ರಾರ್ಥಿಸೋಣ' ಎಂದರು. ಎರಡನೆಯ ಬಾರಿ ನನಗಾಗಿಯೇ ಪ್ರಾರ್ಥಿಸಿದರು. ಮೂರನೆಯ ಬಾರಿಗೆ ಪತ್ರವೇ ಲೇಸೆನ್ನಿಸಿತು.

ನಮ್ಮ ತಂದೆ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆಂದು ಕರಾವಳಿಯಿಂದ ಘಟ್ಟ ಹತ್ತಿ ಬಂದ ಗಾರೆಯವರು. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಜೊತೆಯವರು ಬೇರೆ ಕೆಲಸ ಹುಡುಕಿಕೊಂಡು ಹೋದರು, ಅವರು ಇಲ್ಲೇ ಉಳಿದರು. ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ದೇವರ ಬನ ಎಲ್ಲವನ್ನೂ ಕಳೆದುಕೊಂಡು ಬಂದವರ ಮಕ್ಕಳು, ಆಮೇಲೆ ಆ ಮಕ್ಕಳ ಮಕ್ಕಳು ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಓದಿದರು. ತಮ್ಮ ಊರು ಮುಳುಗಿಸಿದ ಗೋಡೆಗೆ ಗಾರೆ ಮೆತ್ತಿದವನ ಮಗಳು ಎಂದು ಒಬ್ಬರೂ ನನ್ನನ್ನು ದೂರ ಇಟ್ಟಿದ್ದಿಲ್ಲ. ಹೊಸಕ್ಕಿ ಹಬ್ಬಕ್ಕೂ ಕರೆದರು, ಮದುವೆಗೂ ಕರೆದರು. ಮುಂದೆ ಹೇಳಲಿರುವುದು ಇಂಥ ಒಂದು ಮನೆಯ ವಿಷಯವಾದ್ದರಿಂದ ಇಷ್ಟನ್ನು ಹೇಳಬೇಕಾಯಿತು.

2023ರ ಮೇ 10ರಂದು ವಿಧಾನಸಭೆಗೆ ಮತದಾನವಿತ್ತು. ಅದಕ್ಕೆ ಹನ್ನೆರಡು ದಿನ ಮೊದಲು, ಶುಕ್ರವಾರ ರಾತ್ರಿ, ನಾನು ಆಗ ಹೋಗುತ್ತಿದ್ದ ಕೂಟದಲ್ಲಿ ಉಪವಾಸ ಪ್ರಾರ್ಥನೆ ನಡೆಯಿತು. ತಗಡಿನ ಮಾಡು, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ರೆಕ್ಕೆಯ ಮೇಲೆ ದಾನಿಯ ಹೆಸರು ಬರೆಸಿದ್ದರಿಂದ ತಿರುಗುವಾಗ ಹೆಸರೇ ಕಾಣಿಸದ ಫ್ಯಾನು. ವಿಷಯ: ಆತ್ಮಿಕ ಯುದ್ಧ, ಎಂದರೆ ಪ್ರಾರ್ಥನೆಯ ಮೂಲಕ ದುಷ್ಟಶಕ್ತಿಗಳೊಡನೆ ಹೋರಾಟ. ನಡೆಸಿಕೊಡುತ್ತಿದ್ದವರು, ವೈರಿಯು, ಎಂದರೆ ಸೈತಾನನು, ನಮ್ಮ ಊರಿನಲ್ಲಿ ಯಾರ ಮೂಲಕ ಕೆಲಸ ಮಾಡುತ್ತಿದ್ದಾನೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು, ಆ ಹೆಸರುಗಳ ಮೇಲೆ ಕೈಯಿಟ್ಟು 'ಬಂಧಿಸುವ' ಪ್ರಾರ್ಥನೆ ಮಾಡೋಣ ಎಂದರು. ಅವಲಕ್ಕಿ ತುಂಬಿಡುವಂಥ ಸ್ಟೀಲ್ ಡಬ್ಬಿ ಕೈಯಿಂದ ಕೈಗೆ ಬಂತು. ನಾನು ಪಕ್ಕದ ಮನೆಯ ಹುಡುಗನ ಹೆಸರು ಬರೆದೆ. ಅವನು ಒಂದು ಪಕ್ಷದ ಬೂತ್ ಕೆಲಸ ಮಾಡುತ್ತಿದ್ದ. ಪ್ರಾರ್ಥನಾ ಮನೆಗಳ ಕುರಿತು ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಕುಹಕದ ಮಾತು ಹಾಕಿದ್ದನೆಂದು ಯಾರೋ ನನಗೆ ತೋರಿಸಿದ್ದರು. ಚೀಟಿ ಮಡಿಸಿ ಹಾಕಿದೆ. ಎಲ್ಲರೊಂದಿಗೆ ನಾನೂ ಗಟ್ಟಿಯಾಗಿ ಆಮೆನ್ ಎಂದೆ.

ಡಬ್ಬಿ ಸುರುವಿ, ಚೀಟಿಗಳನ್ನು ಮೇಜಿನ ಮೇಲೆ ಹರಡಿ ಪ್ರಾರ್ಥಿಸುವಾಗ ಉತ್ಸಾಹಿಯೊಬ್ಬರು ಫೋಟೋ ತೆಗೆದು 'ಪ್ರಾರ್ಥನಾ ವಿಷಯ' ಎಂದು ಸ್ಟೇಟಸ್ಸಿಗೆ ಹಾಕಿದರು. ಭಾನುವಾರ ಸಂಜೆ ಆ ಹುಡುಗ ತಾಯಿಯನ್ನು ಕರೆದುಕೊಂಡು ನಮ್ಮ ಜಗುಲಿಗೆ ಬಂದ. ಸಿಟ್ಟಿರಲಿಲ್ಲ. ಫೋನು ಹಿಡಿದು, 'ಅಕ್ಕೋರೆ, ಇದರಲ್ಲಿ ನನ್ನ ಹೆಸರು ಬರ್ದೋರು ಯಾರು ಅಂತ ನಿಮಗೆ ಗೊತ್ತಾ?' ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಆತ್ಮಿಕ ಯುದ್ಧವೆಂಬುದೇ ಇಲ್ಲ, ಅದು ಹಳೆಯ ಕಾಲದವರ ಭ್ರಮೆ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಕೆಡುಕು ಮನುಷ್ಯರ ಒಟ್ಟು ಮೊತ್ತಕ್ಕಿಂತ ದೊಡ್ಡದೆಂಬುದನ್ನು ನಾನು ನಂಬುತ್ತೇನೆ. ಒಬ್ಬೊಬ್ಬರಾಗಿ ನೋಡಿದರೆ ಒಳ್ಳೆಯವರೇ ಆದ ಜನ ಗುಂಪಾಗಿ ಬೀದಿಗಿಳಿದಾಗ ಏನಾಗುತ್ತಾರೆಂಬುದನ್ನು ಶಿವಮೊಗ್ಗದವರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. 2022ರ ಫೆಬ್ರವರಿಯಲ್ಲಿ ನಗರ ನಿಷೇಧಾಜ್ಞೆಯಡಿ ಬಾಗಿಲು ಹಾಕಿಕೊಂಡು ಕುಳಿತಿತ್ತು. ಅದೇ ವರ್ಷದ ಸ್ವಾತಂತ್ರ್ಯ ದಿನ ಅಮೀರ್ ಅಹ್ಮದ್ ವೃತ್ತದಲ್ಲಿ ಒಂದು ಫ್ಲೆಕ್ಸಿಗಾಗಿ ಮತ್ತೆ ಗಲಾಟೆಯಾಯಿತು. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಕಲ್ಲು ಬಿದ್ದವು. ಈ ಯಾವುದರಲ್ಲೂ ನಮ್ಮ ಸಮುದಾಯಕ್ಕೆ ನೇರ ಪಾತ್ರವಿರಲಿಲ್ಲ. ಆದರೆ ನಮ್ಮ ಪ್ರಾರ್ಥನೆಯ ಭಾಷೆ ಬದಲಾದದ್ದು ಅದೇ ದಿನಗಳಲ್ಲಿ ಎಂಬುದನ್ನು ನಾನು ಕಿವಿಯಾರೆ ಕೇಳಿದ್ದೇನೆ. 'ಕರ್ತನೇ, ಈ ಊರನ್ನು ಕಾಪಾಡು' ಎಂಬುದು ಮೆಲ್ಲಗೆ 'ಕರ್ತನೇ, ಇವರಿಂದ ಕಾಪಾಡು' ಎಂದಾಯಿತು. ಆಮೇಲೆ ಆ 'ಇವರು' ಯಾರೆಂದು ಬಿಡಿಸಿ ಹೇಳುವ ಧೈರ್ಯ ಬಂತು, ಅದರ ಹಿಂದೆಯೇ ಡಬ್ಬಿಯೂ ಬಂತು.

ನಾವು ಯುದ್ಧದ ಮಾತಿಗೆಲ್ಲ ಆಧಾರವಾಗಿ ಹಿಡಿಯುವುದು ಬೈಬಲಿನಲ್ಲಿ ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು. ಸರ್ವಾಯುಧಗಳ ಆ ಭಾಗವನ್ನು ಭಾನುವಾರದ ಶಾಲೆಯ ಮಕ್ಕಳು ರಟ್ಟಿನ ಗುರಾಣಿ ಹಿಡಿದು ಅಭಿನಯಿಸುತ್ತಾರೆ. ಆದರೆ ಹನ್ನೆರಡನೆಯ ವಚನ ಶುರುವಾಗುವುದೇ ಒಂದು 'ಅಲ್ಲ'ದಿಂದ: ನಮ್ಮ ಹೋರಾಟ ಮನುಷ್ಯರ ಸಂಗಡವಲ್ಲ. ವ್ಯಾಕರಣ ಕಲಿಸಿದವಳಾಗಿ ಹೇಳುತ್ತೇನೆ, ಇಲ್ಲಿ ನಿಷೇಧವೇ ಮುಖ್ಯ. ಮುಂದಿನ ಅಧಿಕಾರಿಗಳು, ಲೋಕಾಧಿಪತಿಗಳು, ದುರಾತ್ಮಗಳ ಸೇನೆ ಎಂಬ ಪಟ್ಟಿಯೆಲ್ಲ ಆ ನಿಷೇಧವನ್ನು ದಾಟಿದ ಮೇಲೆ ಬರುವಂಥದು. ನಾವು 'ಅಲ್ಲ'ವನ್ನು ನುಂಗಿ ಪಟ್ಟಿಯನ್ನಷ್ಟೇ ಉಳಿಸಿಕೊಂಡಿದ್ದೇವೆ, ಅದರಲ್ಲಿನ ಖಾಲಿ ಜಾಗಗಳಿಗೆ ವಾರ್ಡಿನ ಜನರ ಹೆಸರು ತುಂಬುತ್ತಿದ್ದೇವೆ. ಇದನ್ನು ಬರೆಯುವಾಗ ಪೌಲ ಸೆರೆಯಲ್ಲಿದ್ದ. ಅದೇ ಅಧ್ಯಾಯದ ಕೊನೆಯಲ್ಲಿ ತನ್ನನ್ನು ಬೇಡಿಯಲ್ಲಿರುವ ರಾಯಭಾರಿ ಎಂದು ಕರೆದುಕೊಳ್ಳುತ್ತಾನೆ. ಶಿರಸ್ತ್ರಾಣ, ಗುರಾಣಿ, ಕತ್ತಿ ತೊಟ್ಟ ರೋಮಿನ ಸಿಪಾಯಿ ಬಹುಶಃ ಅವನ ಕಣ್ಣೆದುರಿಗೇ ನಿಂತಿದ್ದ. ಪೌಲ ಅವನ ತೊಡುಗೆಯನ್ನು ಉಪಮೆಗೆ ಬಳಸಿಕೊಂಡನೇ ಹೊರತು ಅವನನ್ನು ವೈರಿ ಎನ್ನಲಿಲ್ಲ. ಆ ಆಯುಧಗಳಲ್ಲಿ ಮೊದಲು ಬರುವುದು ಸತ್ಯವೆಂಬ ನಡುಕಟ್ಟು. ಜಗುಲಿಯಲ್ಲಿ ನಿಂತು ಗೊತ್ತಿಲ್ಲ ಎಂದಾಗ ನಾನು ಬಿಚ್ಚಿಟ್ಟದ್ದು ಅದನ್ನೇ.

ವೈರಿಯ ಹೆಸರಿನ ಅರ್ಥವನ್ನೂ ಒಮ್ಮೆ ನೋಡಬೇಕು. 'ಸೈತಾನ' ಎಂಬುದು ಹೀಬ್ರೂ ಭಾಷೆಯಲ್ಲಿ ಎದುರಾಳಿ, ಆಪಾದನೆ ಹೊರಿಸುವವನು ಎಂಬರ್ಥದ ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅವನಿಗಿರುವ ಇನ್ನೊಂದು ಹೆಸರು 'ಡಿಯಾಬೊಲೊಸ್', ನಮ್ಮ ಮಾತಿನಲ್ಲಿ ನೇರವಾಗಿ ಹೇಳುವುದಾದರೆ ಚಾಡಿಕೋರ. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ ಹನ್ನೆರಡನೆಯ ಅಧ್ಯಾಯದಲ್ಲಿ ಅವನು ಹಗಲಿರುಳು ದೇವರ ಮುಂದೆ ನಮ್ಮ ಸಹೋದರರ ಮೇಲೆ ದೂರು ಹೇಳುವವನು. ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಸಭೆಯ ಹೆಂಗಸರು ಚಾಡಿ ಹೇಳುವವರಾಗಬಾರದು ಎನ್ನುವಾಗ ಪೌಲನ ಪತ್ರಿಕೆ ಬಳಸುವುದೂ ಇದೇ ಪದದ ಬಹುವಚನವನ್ನು. ಸಂಜೆ ಬಾಗಿಲಲ್ಲಿ ಕುಳಿತು ಆಡಿಕೊಳ್ಳುವುದಕ್ಕೂ ಸೈತಾನನ ಕಸುಬಿಗೂ ಒಂದೇ ಹೆಸರು. (ಗಂಡಸರು ನಗಬೇಡಿ, ಎರಡನೆಯ ಪತ್ರಿಕೆಯಲ್ಲಿ ಕಡೇ ದಿನಗಳ ಎಲ್ಲ ಮನುಷ್ಯರಿಗೂ ಇದೇ ಪದ ಬಂದಿದೆ.) ಹಾಗಿರುವಾಗ, ನೆರೆಯವರ ಮೇಲೆ ಹೆಸರು ಹಿಡಿದು ಆಪಾದನೆಗಳನ್ನು ಸಂಗ್ರಹಿಸಿ, ಅವನ್ನು ರಾತ್ರಿ ಹನ್ನೊಂದರ ತನಕ ದೇವರ ಮುಂದೆ ಓದಿದ ನಾವು ಆ ಶುಕ್ರವಾರ ಯಾರ ಪರವಾಗಿ ಕೆಲಸ ಮಾಡುತ್ತಿದ್ದೆವು?

ಯೂದನ ಪತ್ರಿಕೆ ಒಂದೇ ಅಧ್ಯಾಯದ್ದು, ಆದ್ದರಿಂದಲೋ ಏನೋ ಅದರ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಅದರ ಒಂಬತ್ತನೆಯ ವಚನದಲ್ಲಿ ಪ್ರಧಾನ ದೂತನಾದ ಮೀಕಾಯೇಲನು ಮೋಶೆಯ ಶವದ ವಿಷಯದಲ್ಲಿ ಸೈತಾನನೊಂದಿಗೇ ವಾದಕ್ಕಿಳಿಯುತ್ತಾನೆ. ಆಗಲೂ ಅವನನ್ನು ದೂಷಿಸುವ ಧೈರ್ಯಕ್ಕೆ ಹೋಗದೆ, ಕರ್ತನೇ ನಿನ್ನನ್ನು ಗದರಿಸಲಿ ಎಂದು ನಿಲ್ಲಿಸುತ್ತಾನೆ. ಪ್ರಧಾನ ದೂತ ಸೈತಾನನ ವಿಷಯದಲ್ಲೇ ಮಾಡದ್ದನ್ನು ನಾವು ಅಡಿಕೆ ಮಂಡಿಯ ಗುಮಾಸ್ತನ ವಿಷಯದಲ್ಲಿ, ಪಂಚಾಯಿತಿ ಸದಸ್ಯನ ವಿಷಯದಲ್ಲಿ ಮೈಕಿನಲ್ಲಿ ಮಾಡುತ್ತಿದ್ದೇವೆ.

ಊರೂರಿಗೆ ಒಂದೊಂದು ದುರಾತ್ಮ ಅಧಿಪತಿಯಾಗಿದೆ, ಅದನ್ನು ಗುರುತಿಸಿ ಬಂಧಿಸಬೇಕು ಎನ್ನುವವರು ದಾನಿಯೇಲನ ಹತ್ತನೆಯ ಅಧ್ಯಾಯವನ್ನು ತೋರಿಸುತ್ತಾರೆ. ಪಾರಸಿಯ ರಾಜ್ಯದ ಅಧಿಪತಿ ಇಪ್ಪತ್ತೊಂದು ದಿನ ದೇವದೂತನನ್ನು ತಡೆದದ್ದು ಅಲ್ಲಿ ಇದೆ, ನಿಜ. ಆದರೆ ದಾನಿಯೇಲ ಆ ಮೂರು ವಾರ ಮಾಡಿದ್ದೇನು? ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಬಿಟ್ಟು ದುಃಖದಲ್ಲಿದ್ದ. ಮೇಲೆ ಹೋರಾಟ ನಡೆದಿತ್ತೆಂಬುದು ಅವನಿಗೆ ತಿಳಿದದ್ದೇ ದೂತನು ಬಂದು ಹೇಳಿದ ಮೇಲೆ. ಅವನು ಯಾರನ್ನೂ ಬಂಧಿಸಲಿಲ್ಲ, ಬಾಬೆಲಿನ ಬೀದಿಗಳ ನಕ್ಷೆ ಬರೆಯಲಿಲ್ಲ. ಅಲ್ಲದೆ ಅವನು ಆ ಅನ್ಯ ಅರಸರ ಆಸ್ಥಾನದಲ್ಲೇ ಹುದ್ದೆಯಲ್ಲಿದ್ದವನು. ಲೆಕ್ಕ ಸರಿಯಿಟ್ಟುಕೊಂಡಿದ್ದ, ಲಂಚ ಮುಟ್ಟಿರಲಿಲ್ಲ, ವೈರಿಗಳು ಹುಡುಕಿದರೂ ಅವನ ಕೆಲಸದಲ್ಲಿ ತಪ್ಪು ಸಿಗಲಿಲ್ಲ. ಸರ್ಕಾರಿ ಕಚೇರಿಯಲ್ಲಿರುವ ನಮ್ಮ ಸಭೆಯವರು ಈ ಬಗೆಯ ಆತ್ಮಿಕ ಯುದ್ಧವನ್ನು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಬಹುದು.

ಇನ್ನು ಇಸ್ರಾಯೇಲರು ಸುತ್ತು ಹಾಕಿ ಗೋಡೆ ಬೀಳಿಸಿದ ಯೆರಿಕೋ ಪಟ್ಟಣದ ಮಾದರಿಯಲ್ಲಿ ಜೀಪು ಮಾಡಿಕೊಂಡು ಊರಿಗೆ ಏಳು ಸುತ್ತು ಬರುವವರಿದ್ದಾರೆ. ಅವರನ್ನು ಕೇಳಿಕೊಳ್ಳುವುದಿಷ್ಟೇ: ಯೆಹೋಶುವನ ಗ್ರಂಥದಲ್ಲಿ ಆರನೆಯ ಅಧ್ಯಾಯಕ್ಕೆ ಮೊದಲು ಐದನೆಯದು ಇದೆ. ಗೋಡೆ ಸುತ್ತುವ ಮೊದಲು ಇಸ್ರಾಯೇಲರ ನಾಯಕ ಯೆಹೋಶುವನು ಕತ್ತಿ ಹಿರಿದು ನಿಂತ ಒಬ್ಬನನ್ನು ಕಂಡು, ನೀನು ನಮ್ಮ ಕಡೆಯವನೋ ನಮ್ಮ ವೈರಿಗಳ ಕಡೆಯವನೋ ಎಂದು ಕೇಳುತ್ತಾನೆ. ಬಂದವನು ಕರ್ತನ ಸೇನಾಪತಿ. ಅವನ ಉತ್ತರ 'ಅಲ್ಲ' ಎಂದು ಶುರುವಾಗುತ್ತದೆ. ನಿಮ್ಮ ಕಡೆಯವನು ಎನ್ನಲಿಲ್ಲ, ಅವರ ಕಡೆಯವನು ಎನ್ನಲಿಲ್ಲ. ಕೆರ ಬಿಚ್ಚು ಎಂದ. ಸ್ವತಃ ಯೆಹೋಶುವನಿಗೆ ಸಿಗದ ಪಕ್ಷ ಸದಸ್ಯತ್ವವನ್ನು ನಾವು ದೇವರಿಗೆ ಪ್ರತಿ ಚುನಾವಣೆಯಲ್ಲೂ ಕೊಡಿಸುತ್ತಿದ್ದೇವೆ.

ಒಂದು ಸ್ಥಳೀಯ ಸಂಗತಿ. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದು ನಿಮಗೆಲ್ಲ ಗೊತ್ತಿದೆ. ಮೂಲ ಜಗಳ ಕೊಳಗದ್ದು. ಒಡೆಯರು ಗೇಣಿಯ ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದಾಗಿತ್ತು. ಹೆಸರು ಒಂದೇ, ಪ್ರಮಾಣ ಬೇರೆ. ನಮ್ಮ ಸಭೆಗಳಲ್ಲೂ ಈಗ ಎರಡು ಕೊಳಗಗಳಿವೆ. ನಮಗೆ ಬೇಕಾದ ಪಕ್ಷದವರು ಸುಳ್ಳು ಹೇಳಿದರೆ 'ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ', ಬೇಡವಾದವರು ಹೇಳಿದರೆ 'ಸುಳ್ಳಿನ ಆತ್ಮ'. ನಮ್ಮವನು ಜಾತಿಯ ಸಭೆಯಲ್ಲಿ ವೋಟು ಕೇಳಿದರೆ ಜಾಣತನ, ಅವರವನು ಕೇಳಿದರೆ ಅಂಧಕಾರ. ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆಯುವರು ಎಂಬ ಯೇಸುವಿನ ಮಾತು ಸಾಗರ ತಾಲ್ಲೂಕಿನವರಿಗೆ ಅರ್ಥವಾಗುವಷ್ಟು ಬೇರೆ ಯಾರಿಗೂ ಅರ್ಥವಾಗಬೇಕಾಗಿಲ್ಲ.

ನಾನೂ ದೊಡ್ಡ ಕೊಳಗದಲ್ಲೇ ಅಳೆದಿದ್ದೇನೆ. ಅದೇ ಬೇಸಿಗೆಯಲ್ಲಿ, ಪ್ರಾರ್ಥನಾ ಮನೆಯೊಂದನ್ನು ಒಡೆಯುತ್ತಿರುವ ವಿಡಿಯೊ ನನ್ನ ಫೋನಿಗೆ ಬಂತು, ನಮ್ಮ ಪಕ್ಕದ ತಾಲ್ಲೂಕಿನದೆಂದು ಕೆಳಗೆ ಬರೆದಿತ್ತು. ಮೂರು ಗುಂಪುಗಳಿಗೆ ಕಳಿಸಿದೆ. ಮೂರು ದಿನಗಳ ಮೇಲೆ ಮಗಳು ನೋಡಿ, ಹಿಂದಿನ ಅಂಗಡಿಯ ಬೋರ್ಡು ಕನ್ನಡದ್ದೇ ಅಲ್ಲವಲ್ಲಮ್ಮ ಎಂದಳು. ಮೂವತ್ತು ವರ್ಷ ಅಕ್ಷರ ತಿದ್ದಿದವಳಿಗೆ ಅದು ಕಂಡಿರಲಿಲ್ಲ, ಕಾಣಬೇಕೆಂಬ ಮನಸ್ಸೂ ಇರಲಿಲ್ಲ. ಗುಂಪುಗಳಲ್ಲಿ ಅಳಿಸಿದೆ, ಆದರೆ ಅದು ಸುಳ್ಳೆಂದು ಬರೆಯಲಿಲ್ಲ. ಆ ಭಾನುವಾರ ಒಂದು ಕಡೆ ಅದನ್ನೇ ಹಿಡಿದು ಪ್ರಸಂಗವಾದದ್ದೂ ಆಮೇಲೆ ತಿಳಿಯಿತು.

ಹಾಗೆಂದು ನಮ್ಮ ಭಯವೆಲ್ಲ ಕಟ್ಟುಕಥೆಯೆಂದು ಯಾರೂ ತಿಳಿಯಬಾರದು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿಯಾದದ್ದು ಸುಳ್ಳಲ್ಲ. ಮತಾಂತರ ನಿಷೇಧದ ಮಸೂದೆ 2021ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂದ ಮೇಲೆ, ಮನೆಯಲ್ಲಿ ನಾಲ್ಕು ಜನ ಸೇರಿ ಹಾಡುವಾಗಲೂ ಒಬ್ಬರ ಕಿವಿ ಬಾಗಿಲ ಕಡೆಗಿರುತ್ತಿತ್ತು. 2023ರ ಜೂನಿನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತೆಂಬ ಸುದ್ದಿ ಬಂದ ಮೇಲೂ ಆ ಅಭ್ಯಾಸ ಹೋಗಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ನಾವು ನೂರಕ್ಕೆ 1.87. ಇಷ್ಟು ಸಣ್ಣ ಸಂಖ್ಯೆಯವರಿಗೆ ಹೆದರಿಕೆ ಸಹಜ. ಆದರೆ ಮನುಷ್ಯರೊಂದಿಗೆ ನಮ್ಮ ಯುದ್ಧವಿಲ್ಲ ಎಂದ ಪೌಲನೇ ಚಾವಟಿಯ ಏಟಿಗೆ ಕಟ್ಟಿದಾಗ ರೋಮಿನ ಪ್ರಜೆಯ ಹಕ್ಕನ್ನು ಕೇಳಿದ, ನ್ಯಾಯ ಸಿಗದೆಂದು ಕಂಡಾಗ ಕೈಸರನಿಗೆ ಮೊರೆಹೋದ. ನಮಗೂ ಸಂವಿಧಾನದ 25ನೆಯ ವಿಧಿಯಿದೆ, ಪೊಲೀಸ್ ಠಾಣೆಯಿದೆ, ನ್ಯಾಯಾಲಯವಿದೆ. ಯಾರಾದರೂ ಆರಾಧನೆಗೆ ಅಡ್ಡಿ ಮಾಡಿದರೆ ಅವರ ಹೆಸರು ಬರೆಯಬೇಕಾದ ಜಾಗ ದೂರಿನ ಅರ್ಜಿ. ಅಲ್ಲಿ ಬರೆದವರು ತಮ್ಮ ಸಹಿಯನ್ನೂ ಹಾಕಬೇಕಾಗುತ್ತದೆ, ಸಾಕ್ಷಿ ಕೊಡಬೇಕಾಗುತ್ತದೆ, ಎದುರು ಕಡೆಯವರಿಗೆ ಉತ್ತರಿಸುವ ಅವಕಾಶವಿರುತ್ತದೆ. ಡಬ್ಬಿ ಇದ್ಯಾವುದನ್ನೂ ಕೇಳುವುದಿಲ್ಲ.

ನಮ್ಮ ಸಭೆಗಳ ಒಳಗೇ ಎಲ್ಲ ಪಕ್ಷಗಳ ಮತದಾರರಿದ್ದಾರೆಂಬುದನ್ನು ವೇದಿಕೆಯ ಮೇಲಿರುವವರು ಮರೆತಂತಿದೆ. ಕರಾವಳಿಯಿಂದ ಬಂದ ಕೊಂಕಣಿ ಮಾತಿನವರು, ಭದ್ರಾವತಿಯ ಕಾರ್ಖಾನೆಗೆ ಬಂದ ತಮಿಳರು, ಶುಂಠಿ, ರಬ್ಬರ್ ಬೆಳೆಯಲು ಬಂದ ಮಲೆಯಾಳಿಗಳು, ಇಲ್ಲಿಯವರೇ ಆದ ಕನ್ನಡಿಗರು; ಕೈಬೆರಳಷ್ಟು ಜನಕ್ಕೆ ಎಷ್ಟೋ ಬಗೆಯ ಆರಾಧನೆ. ಕಳೆದ ಚುನಾವಣೆಯ ಫಲಿತಾಂಶ ಬಂದ ವಾರ ನಾನು ಕಂಡ ಒಂದು ಸಭೆಯಲ್ಲಿ ಎರಡು ಮನೆಯವರು ಕರ್ತನ ಮೇಜಿಗೆ ಬೇರೆ ಬೇರೆ ಸಾಲಿನಲ್ಲಿ ಬಂದರು. ಯೇಸು ಕರೆದ ಹನ್ನೆರಡು ಜನರಲ್ಲಿ ರೋಮಿನ ಅಧೀನದ ಆಡಳಿತಕ್ಕೆ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯನೂ ಇದ್ದ, ದೇಶಾಭಿಮಾನಿ ಎನಿಸಿಕೊಂಡಿದ್ದ ಸೀಮೋನನೂ ಇದ್ದ. ಆ ಇಬ್ಬರು ಒಂದೇ ಬಟ್ಟಲಲ್ಲಿ ಕೈ ಅದ್ದಿದ ದಿನಗಳಲ್ಲಿ ಏನೇನು ಮಾತಾಡಿಕೊಂಡರೋ ಸುವಾರ್ತೆ ಹೇಳುವುದಿಲ್ಲ. ತಮ್ಮನ್ನು ಊರೊಳಗೆ ಬಿಡದ ಸಮಾರ್ಯದ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಕೇಳಿದವರು ಯಾಕೋಬ, ಯೋಹಾನ. ಲೂಕನ ಪ್ರಕಾರ ಯೇಸು ತಿರುಗಿಕೊಂಡು ಗದರಿಸಿದ್ದು ಅವರನ್ನೇ. 'ಸೈತಾನನೇ, ನನ್ನಿಂದ ತೊಲಗು' ಎಂಬ ಮಾತನ್ನು ಅವನು ಮುಖಕ್ಕೆ ಮುಖ ಕೊಟ್ಟು ಹೇಳಿದ ಒಬ್ಬನೇ ಮನುಷ್ಯ ಪೇತ್ರ, ಅವನ ಸ್ವಂತ ಶಿಷ್ಯ, ಶಿಲುಬೆಯಿಲ್ಲದ ರಾಜ್ಯವನ್ನು ಬಯಸಿದವನು.

ಆದ್ದರಿಂದ ಗುರುಗಳಲ್ಲಿ, ಹಿರಿಯರಲ್ಲಿ ನನ್ನ ಬೇಡಿಕೆ. ವ್ಯಕ್ತಿಗಳ, ಪಕ್ಷಗಳ ಹೆಸರು ಹಿಡಿದು ಬಂಧಿಸುವ ಪ್ರಾರ್ಥನೆ ನಿಮ್ಮ ಅಧೀನದಲ್ಲಿರುವ ಯಾವ ಕೂಟದಲ್ಲೂ ನಡೆಯಕೂಡದೆಂದು ಬರವಣಿಗೆಯಲ್ಲಿ ತಿಳಿಸಿ, ಅದನ್ನು ಸೂಚನಾ ಫಲಕಕ್ಕೆ ಹಚ್ಚಿ. ಪ್ರಸಂಗದಲ್ಲಿ ಹೇಳಿದ ಸುದ್ದಿ ಸುಳ್ಳೆಂದು ತಿಳಿದರೆ, ಮುಂದಿನ ಭಾನುವಾರ ಅದೇ ಮೈಕಿನಲ್ಲಿ, ಅದೇ ದನಿಯಲ್ಲಿ ಅದನ್ನು ತಿದ್ದಿ. ಪ್ರಕಟಣೆಗಳ ಕೊನೆಯಲ್ಲಿ ಗೊಣಗುವುದು ಬೇಡ. ಅರಸರಿಗಾಗಿಯೂ ಎಲ್ಲಾ ಅಧಿಕಾರಿಗಳಿಗಾಗಿಯೂ ವಿಜ್ಞಾಪನೆ ಮಾಡಬೇಕೆಂದು ತಿಮೊಥೆಗೆ ಬರೆದಿರುವುದನ್ನು ವರ್ಷವಿಡೀ ಪಾಲಿಸಿ, ಗ್ರಾಮ ಪಂಚಾಯಿತಿ ಅಧ್ಯಕ್ಷರಿಂದ ಪ್ರಧಾನಿಯವರೆಗೆ, ನಾವು ವೋಟು ಹಾಕದವರನ್ನೂ ಸೇರಿಸಿ. ಚುನಾವಣೆ ಘೋಷಣೆಯಾದ ದಿನದಿಂದ ಮುಗಿಯುವ ತನಕ ಯಾವ ಅಭ್ಯರ್ಥಿಗೂ ಪವಿತ್ರ ವೇದಿಕೆಯ ಬಳಿ ಹಾರ ಹಾಕಬೇಡಿ, ಅವರು ಕೊಡುವ ಕುರ್ಚಿ, ಫ್ಯಾನು, ಕಾಂಪೌಂಡು ಗೋಡೆ ತೆಗೆದುಕೊಳ್ಳಬೇಡಿ. ಲೋಕದ ಎಲ್ಲಾ ರಾಜ್ಯಗಳನ್ನು ಕೊಡುತ್ತೇನೆಂದು ಯೇಸುವಿಗೆ ಬಂದ ಶೋಧನೆಯನ್ನು ನಾವು ಕಾಂಪೌಂಡು ಗೋಡೆಯ ಬೆಲೆಗೆ ಒಪ್ಪಿಕೊಂಡದ್ದು ನನಗೆ ನಾಚಿಕೆಯ ವಿಷಯ.

ಕಳೆದ ವಾರ, ಈ ಪತ್ರದ ಕರಡು ಮುಗಿದ ಮೇಲೆ, ಪಕ್ಕದ ಮನೆಗೆ ಹೋದೆ. ಅಡಿಕೆ ಕೊಯ್ಲಿನ ಸಮಯ. ಹುಡುಗ ಲೋಡು ತೆಗೆದುಕೊಂಡು ಶಿವಮೊಗ್ಗಕ್ಕೆ ಹೋಗಿದ್ದ. ಅವನ ತಾಯಿ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ಒಂದು ಕೈಯಲ್ಲಿ ಕಾಯಿ ಒತ್ತಿ, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಆ ಚೀಟಿ ಬರೆದವಳು ನಾನೇ ಎಂದು ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

'ಗೊತ್ತಿತ್ತು ಅಕ್ಕೋರೆ. ಫೋಟೋ ನೋಡಿದ ದಿವ್ಸವೇ ಹೇಳಿದ್ದ. ಮೂರು ವರ್ಷ ಅವನ ಪಟ್ಟೀಲಿ ಕೆಂಪು ಶಾಯೀಲಿ ತಿದ್ದಿದ ಅಕ್ಷರ, ಗುರ್ತು ಸಿಗದೇ ಇರ್ತದಾ?'

ಹಾಗಾದರೆ ಅವತ್ತು ಬಂದು ನನ್ನನ್ನು ಕೇಳಿದ್ದೇಕೆ ಎಂದೆ.

'ನೀವೇ ಹೇಳ್ತೀರೇನೋ ಅಂತ.'

ಇತಿ,
ನಿವೃತ್ತ ಶಿಕ್ಷಕಿ, ಸಾಗರ